ಹರಳಯ್ಯನ ಕಥೆಗೆ ಅಳುವ ಕಾಕಾ

ಬಸವನ ಬಾಗೇವಾಡಿ
೨೯-೪-೧೯೭೪

ಪ್ರೀತಿಯ ಲಕ್ಕಕ್ಕಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಸೊಲ್ಲಾಪುರದ ನೀರು ಒಗ್ಗುತ್ತಿಲ್ಲವೆಂದು ಬರೆದಿದ್ದೆ, ಕಾಯಿಸಿ ಕುಡಿ. ನಿನ್ನ ಗಂಡ ಸಿದ್ರಾಮ ಮಾವ ಹೊಲಿದು ಕಳಿಸಿದ ಚಪ್ಪಲಿಯನ್ನು ಅವ್ವ ಟ್ರಂಕಿನಲ್ಲಿಟ್ಟಿದ್ದಾಳೆ. ಕಾಕಾ ಹೊಲಕ್ಕೆ ಹೋದಾಗ ತೆಗೆದು, ಮೆಟ್ಟಿ, ಒಳಮನೆಯಲ್ಲೇ ಎರಡು ಸುತ್ತು ಹಾಕುತ್ತಾಳೆ. ಮಂಡಿನೋವು ಬಿಟ್ಟರೆ ಆರಾಮ ಇದ್ದಾಳೆ.

ಈಗ ಸುದ್ದಿ ಹೇಳುತ್ತೇನೆ. ಸಮಗಾರರ ಹುಡುಗನನ್ನು ಮದುವೆಯಾದೆ ಎಂದು ನಮ್ಮ ಶ್ರೀಶೈಲಪ್ಪ ಕಾಕಾ ನಿನ್ನನ್ನು ಹೊರಗೆ ಹಾಕಿದ ದಿನವನ್ನು ನಾನು ಮರೆತಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಊರಿಗೆಲ್ಲ ಹೇಳುವವನು, ನೀನು ಸತ್ತೆ ಎಂದು ಅವ್ವನ ತಲೆಗೆ ತಣ್ಣೀರು ಸುರಿಸಿದ. ಅಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆವತ್ತೇ ನಾನು ಹಲ್ಲು ಕಚ್ಚಿ ಕಾಯಲು ಕುಳಿತೆ. ಹೋದ ವರ್ಷ ಮಹಿಳಾ ಮಂಡಳದಲ್ಲಿ, ಜಾತಿ ಮೀರಿದ ಮದುವೆಗೆ ಸರಕಾರದ ಒಪ್ಪಿಗೆ ಇದೆ ಎಂದು ಕಾಯ್ದೆ ಓದಿ ಹೇಳಿದೆ. ಹೆಂಗಸರು ಎದ್ದು ಹೋದರು. ಕಾಕಾ ನಕ್ಕ. "ಅದು ದಿಲ್ಲಿ ಕಾಯ್ದೆ. ನಮ್ಮ ಮನಿಗೆ ಬರಂಗಿಲ್ಲ" ಅಂದ. ಅದಕ್ಕೇ ಈ ಸಲ ದಿಲ್ಲಿಯ ಮಾತು ಬಿಟ್ಟು, ನಮ್ಮದೇ ಮಾತು ಹಿಡಿದೆ.

ಬಸವ ಜಯಂತಿಗೆ ಕಾಕಾನೇ ಅಧ್ಯಕ್ಷ. ಖಾದಿ ಟೋಪಿ ಹಾಕಿಕೊಂಡು, ಚಲೇಜಾವ್ ಚಳವಳಿಯಲ್ಲಿ ಜೈಲಿಗೆ ಹೋದದ್ದನ್ನು ಹೇಳಿ, ಪ್ರತಿ ವರ್ಷದಂತೆ ಹರಳಯ್ಯನ ಕಥೆಗೆ ಬಂದ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ತನ್ನ ಮಗಳನ್ನು ಕೊಟ್ಟದ್ದು, ಅದಕ್ಕಾಗಿ ರಾಜ ಇಬ್ಬರು ಬೀಗರನ್ನೂ ಕೊಲ್ಲಿಸಿದ್ದು ಎಲ್ಲ ಹೇಳಿದ. ಕಣ್ಣೀರೂ ಬಂತು. ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. "ಕಾಕಾ, ಆ ಮದುವಿ ಚಲೋ ಆತಂದ್ರಿ. ನಮ್ಮ ಅಕ್ಕನೂ ಅದನ್ನ ಮಾಡ್ಯಾಳ್ರಿ. ಆಕಿನ್ನ ಯಾಕ ಹೊರಗ ಹಾಕಿದ್ರಿ? ನೀವು ಶರಣರ ಕಡೆದವ್ರೋ, ಆ ರಾಜನ ಕಡೆದವ್ರೋ?"

ಕಾಕಾನ ಟೋಪಿಯ ಕೆಳಗೆ ಬೆವರು ಇಳಿಯಿತು. ನಿಜ ಹೇಳುತ್ತೇನೆ ಅಕ್ಕಾ, ಅದನ್ನು ನೋಡಿ ಹೋಳಿಗೆ ಉಂಡಷ್ಟು ತೃಪ್ತಿಯಾಯಿತು. ಕಾಕಾನ ಜೊತೆ ಜೈಲಿನಲ್ಲಿದ್ದ ಮುದುಕ ಮಡಿವಾಳಪ್ಪಜ್ಜ ಬಡಿಗೆ ಊರಿ ಎದ್ದ. "ಶ್ರೀಶೈಲಾ, ಹುಡುಗಿ ಕೇಳಾಕತ್ತಾಳ. ಜೈಲಿನ್ಯಾಗ ಎಲ್ಲಾರೂ ಒಂದ ಗಂಗಾಳದಾಗ ಉಂಡೇವಲ್ಲೋ. ಅದು ಸುಳ್ಳೇನು?" ಯಾರೂ ಎದ್ದು ಹೋಗಲಿಲ್ಲ. ತಮ್ಮದೇ ಬಸವಣ್ಣನ ಮಾತಿಗೆ ಬೆನ್ನು ತಿರುಗಿಸಿ ಎಲ್ಲಿಗೆ ಹೋಗುತ್ತಾರೆ? ಕೊನೆಗೆ ಕಾಕಾ ನೆಲ ನೋಡುತ್ತ, "ನಾನಽ ಹೋಗಿ ಕರ್ಕೊಂಡು ಬರ್ತೇನಿ" ಅಂದ. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅವ್ವನ ಆಶೀರ್ವಾದ ನಿಮ್ಮಿಬ್ಬರ ಮೇಲಿದೆ. ಮಾವನಿಗೆ ನನ್ನ ಶರಣು ಹೇಳು.

ನಿನ್ನ ತಂಗಿ,
ಕಸ್ತೂರೆವ್ವ

ತಾ.ಕ.: ಕಾಕಾ ಈ ಗುರುವಾರ ಅಲ್ಲಿಗೆ ಬರುತ್ತಾನೆ. ಕರೆಯಲು ಅಲ್ಲ, "ನನಗೆ ಬರೋ ಮನಸ್ಸಿಲ್ಲ" ಎಂದು ನಿನ್ನ ಬಾಯಿಂದಲೇ ಅನ್ನಿಸಿಕೊಂಡು ಹೋಗಿ, ಊರಿಗೆ ಅದನ್ನೇ ಹೇಳಲು. ಕಾಕಿಯ ಮುಂದೆ ಹಾಗೆ ಹೇಳುತ್ತಿದ್ದದ್ದನ್ನು ನಾನೇ ಕೇಳಿದೆ. ಅಳುತ್ತಾನೆ, ಮನೆತನದ ಮರ್ಯಾದೆ ಎನ್ನುತ್ತಾನೆ. ಕರಗಬೇಡ. ಗಂಟು ಕಟ್ಟಿಕೊಂಡೇ ಇರಿ. ಅವನು ಮರಳುವ ಬಸ್ಸಿನಲ್ಲೇ ಅವನನ್ನು ನಿಮ್ಮಿಬ್ಬರ ನಡುವೆ ಕೂರಿಸಿಕೊಂಡು ಬನ್ನಿ. ಸ್ಟ್ಯಾಂಡಿನಲ್ಲಿ ಅವ್ವನೂ ನಾನೂ ಇರುತ್ತೇವೆ. ನೀವು ಬರುವುದನ್ನು ಊರಿಗೂ ಹೇಳಿಟ್ಟಿದ್ದೇನೆ.