ಎಡಗೆನ್ನೆಯ ಬೊಟ್ಟು, ಬಲಗೆನ್ನೆಯ ಬೊಟ್ಟು

ಗದಗ, ಆರನೇ ನೆರಳೋಣಿ
ಮೂರನೇ ಬೇಸಿಗೆಯ ಎಪ್ಪತ್ತೊಂದನೇ ತಾರೀಖು, 2171

ಅಡಿವೆಪ್ಪಾ,

ಮೇಲಿನ ತಾರೀಖು ನೋಡಿ ನಗಬೇಡ. ನಮ್ಮ ವರ್ಷಕ್ಕೆ ನಾಲ್ಕು ಬೇಸಿಗೆ. ಮಳೆಗಾಲ ಎನ್ನುವುದು ನಾಲ್ಕನೆಯದರ ಅಡ್ಡಹೆಸರು. ಒಂದು ಬೇಸಿಗೆ ಮುಗಿಯುವವರೆಗೂ ಅದರ ತಾರೀಖು ಬೆಳೆಯುತ್ತಲೇ ಹೋಗುತ್ತದೆ. ಈ ಪತ್ರದ ಕೆಲವು ಮಾತುಗಳು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಬೇಡುತ್ತೇನೆ, ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ. ಏಕವಚನಕ್ಕೆ ಮಾತ್ರ ಕ್ಷಮೆ ಕೇಳಲಾರೆ. ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜನ ಅಪ್ಪ, ಹೌದು. ಆದರೆ ಈ ಕಾಗದ ನಿನ್ನ ಕೈ ಸೇರುವಾಗ ನಿನ್ನ ಮೀಸೆ ಇನ್ನೂ ಕಪ್ಪಗಿರುತ್ತದೆ, ನನಗೋ ಹಲ್ಲು ಉದುರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವ ವಯಸ್ಸು. ಬೈಯಬೇಕಾದ ಸಂದರ್ಭವೂ ಬರುವುದಿದೆ. ಬಹುವಚನದಲ್ಲಿ ಬೈಯುವುದು ನನ್ನಿಂದಾಗದು.

ಇದನ್ನು ತರುತ್ತಿರುವುದು ಹಿಂದಂಚೆ. ಹಿಂದಿನ ಕಾಲಕ್ಕೆ, ಅದೂ ಸ್ವಂತ ರಕ್ತದವರಿಗೆ, ಜೀವಮಾನದಲ್ಲಿ ಒಂದೇ ಒಂದು ಪತ್ರ ಕಳಿಸಲು ನಮಗೆ ಅಪ್ಪಣೆಯುಂಟು. ಉತ್ತರ ಬರುವುದಿಲ್ಲ, ಮುಟ್ಟಿತೋ ಇಲ್ಲವೋ ಎಂದು ಕೂಡ ಯಾರೂ ಹೇಳುವುದಿಲ್ಲ. ಹೆಚ್ಚಿನವರು ಅದನ್ನು ತೀರಿಹೋದ ಅಪ್ಪನಿಗೋ ಅವ್ವನಿಗೋ ಬರೆದು, ಅತ್ತು ಹಗುರಾಗುತ್ತಾರೆ. ನಾನು ಮುಖವನ್ನೇ ಕಾಣದ ನಿನಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಹೆದರಿಕೆಯಾಗಿದೆ.

ನೀನೀಗ ಎಲ್ಲಿ ನಿಂತಿದ್ದೀ ಎಂದು ನನಗೆ ಗೊತ್ತು. ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯಲ್ಲಿ. ನಿನ್ನ ಎಡಗೈಯಲ್ಲಿ ಹಳೆಯ ಕ್ಯಾಮೆರಾ ಇದೆ, ಒಳಗೆ ಕನ್ನಡಿಯಿರುವ, ಒತ್ತಿದಾಗ ಠಪ್ ಎನ್ನುವ, ಮದುವೆಯ ಮೂರು ದಿನ ಹೊತ್ತರೆ ಹೆಗಲು ಜಗ್ಗುವಂಥದ್ದು. ಎದುರಿಗೆ ಗಾಜಿನ ಮೇಲೆ ಹೊಸದು. ಅದರಲ್ಲಿ ಕನ್ನಡಿಯೂ ಇಲ್ಲ, ಸದ್ದೂ ಇಲ್ಲ. ಮದುಮಗಳ ಕಣ್ಣು ಎಲ್ಲಿದೆ ಎಂದು ತಾನೇ ಹುಡುಕಿಕೊಳ್ಳುತ್ತದೆ. ಆದರೆ ಹಳೆಯ ಲೆನ್ಸ್‌ಗಳು, ನಿನ್ನಪ್ಪನ ಕಾಲದ ಐವತ್ತು ಎಂಎಂ ಲೆನ್ಸ್ ಕೂಡ, ಅದಕ್ಕೆ ಕೂಡುವುದಿಲ್ಲ. ಈ ಎರಡು ಕ್ಯಾಮೆರಾ ಕುಲಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವೇ ಇಲ್ಲ. ಹೋದರೆ ಎಲ್ಲ ಬಿಟ್ಟೇ ಹೋಗಬೇಕು. ಅಂಗಡಿಯವನು, "ಹಳೇದ ಇಟಗೊಂಡ ಏನ ಪೂಜಾ ಮಾಡ್ತೀರೇನ್ರಿ? ಎಕ್ಸ್‌ಚೇಂಜಿಗೆ ಹಾಕ್ರಿ" ಎನ್ನುತ್ತಿದ್ದಾನೆ. ನಿನ್ನ ಕೈ ತುರಿಸುತ್ತಿದೆ.

ಇದೆಲ್ಲ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕತೆ. ಪ್ರತಿಸಲ ಹೊಸ ಕ್ಯಾಮೆರಾ ತಂದಾಗಲೂ ನೀನು ಹೆಂಡತಿ ಸಾವಕ್ಕನ ಮುಂದೆ, "ಇದೊಂದ ಕಡೀದು ನೋಡ, ಇನ್ನ ಮ್ಯಾಲೆ ಕೇಳಿದ್ರ ಕೇಳ" ಎನ್ನುತ್ತಿದ್ದೆಯಂತೆ. ಅದು ನಮ್ಮ ಮನೆತನದಲ್ಲಿ ಗಾದೆಯೇ ಆಗಿಹೋಗಿದೆ. ಇನ್ನೊಂದೇ ಒಂದು ಬೆಲ್ಲದ ಚೂರು ಎಂದು ಮಕ್ಕಳು ಕೈ ಒಡ್ಡಿದರೆ, "ಅಡಿವೆಪ್ಪನ ಕಡೀದೇನ?" ಎಂದು ಕೇಳುತ್ತೇವೆ. ಒಂದೂವರೆ ಶತಮಾನ ಮನೆಮಂದಿ ನಿನ್ನನ್ನು ನೆನೆದು ನಕ್ಕಿದೆ. ಈಗ ನನಗೆ ನಗು ಬರುತ್ತಿಲ್ಲ.

ನಮ್ಮ ಓಣಿಯ ವಿಷಯ ಹೇಳುತ್ತೇನೆ. ಬಿಸಿಲು ಚರ್ಮಕ್ಕೆ ಬಿದ್ದರೆ ಬೊಬ್ಬೆ ಏಳುವ ಕಾಲವಿದು. ಹಾಗಾಗಿ ಊರಿನ ಮೇಲೆಲ್ಲ ದಪ್ಪ ಬಲೆಯ ಚಪ್ಪರ ಕಟ್ಟಿ, ಅದರಡಿಯಲ್ಲಿ ಸಾಲಾಗಿ ವಾಸಿಸುತ್ತೇವೆ, ಅವೇ ನೆರಳೋಣಿಗಳು. ಬಲೆಯ ಅಂಚಿಗೆ ತಗಡುಗಳನ್ನು ಚಾಚಿಟ್ಟು, ಅದರ ಮೇಲೆ ರೊಟ್ಟಿ ಬಡಿದು ಹಾಕಿದರೆ ಎರಡು ಮಗ್ಗುಲೂ ಬೇಯುತ್ತದೆ, ಒಲೆಯೇ ಬೇಡ. ಹೊತ್ತು ಏರುವ ಮುಂಚೆ ಬಲೆಯ ಹರಕು ಹೊಲಿಯುವುದು, ನೀರು ತುಂಬುವುದು, ಆಮೇಲೆ ಮಲಗುವುದು. ನೀರು, ಜೋಳ, ಔಷಧ ಎಲ್ಲವೂ ಓಣಿಯ ತುದಿಯ ಬಾಗಿಲಿನ ಆಚೆಗಿವೆ. ಆ ಬಾಗಿಲಿಗೆ ಕೀಲಿಯಿಲ್ಲ, ಕಣ್ಣಿದೆ. ಕಣ್ಣು ಎಂದರೆ ಕ್ಯಾಮೆರಾ. ಅದು ಮುಖ ನೋಡಿ ಗುರುತು ಹಿಡಿದರೆ ಅವರವರ ಪಾಲು ಸಿಗುತ್ತದೆ. ಗುರುತು ಹಿಡಿಯದಿದ್ದರೆ ಅಂಥವರನ್ನು ಮಸುಕು ಎನ್ನುತ್ತಾರೆ. ಮಸುಕಾದವರನ್ನು ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಬಾಗಿಲು ತೆರೆಯುವುದಿಲ್ಲ, ಅಷ್ಟೇ. ಕೊನೆಗೆ ಅವರೇ ಎದ್ದು ಬಲೆಯ ಹೊರಗೆ, ಕಪ್ಪತಗುಡ್ಡದ ಕಡೆಗೆ ನಡೆಯುತ್ತಾರೆ. ತಿರುಗಿ ಬಂದವರನ್ನು ನಾನು ನೋಡಿಲ್ಲ.

ನಮ್ಮ ಬಾಗಿಲಿಗೆ ಎರಡು ಕಣ್ಣುಗಳಿದ್ದವು. ಒಂದು ಕಲ್ಲುಗಣ್ಣು: ನಿನ್ನ ಕಾಲದ ಕನ್ನಡಿ ಕ್ಯಾಮೆರಾದಿಂದಲೇ ಮಾಡಿದ್ದು. ಒಮ್ಮೆ ಕಂಡದ್ದನ್ನು ಕಲ್ಲಿನಲ್ಲಿ ಕೊರೆದ ಹಾಗೆ ಇಟ್ಟುಕೊಳ್ಳುತ್ತದೆ, ತಿದ್ದುವುದಿಲ್ಲ. ಅದು ಆಮೆ. ಒಬ್ಬೊಬ್ಬರನ್ನು ನೋಡಲು ತಾಸು ಮಾಡುತ್ತದೆ, ಸಾಲು ಬೆಳೆಯುತ್ತದೆ, ಜನ ಗೊಣಗುತ್ತಾರೆ. ಇನ್ನೊಂದು ನೀರುಗಣ್ಣು. ಅದು ಆಗಾಗ ಮೀಯುತ್ತದೆ, ಎಂದರೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ನೀವು ಅಪ್‌ಗ್ರೇಡ್ ಎನ್ನುತ್ತೀರಲ್ಲ, ಅದು. ಪ್ರತಿ ಸಲ ಮಿಂದೆದ್ದಾಗಲೂ ಇನ್ನಷ್ಟು ಚುರುಕು, ಇನ್ನಷ್ಟು ಚೆಂದ. ತನ್ನೊಳಗಿರುವ ಹಳೆಯ ಚಿತ್ರಗಳನ್ನೂ ಹೊಸ ಅಳತೆಗೆ ತಿದ್ದಿಕೊಳ್ಳುತ್ತದೆ. ನನ್ನ ಮುಖದ ಬಿಸಿಲುಬೊಬ್ಬೆಯ ಕಲೆ ಹೋಯಿತು, ಪಕ್ಕದ ಮನೆ ಶಂಕ್ರಮ್ಮನ ಮೆಳ್ಳೆಗಣ್ಣು ನೆಟ್ಟಗಾಯಿತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಈ ಕಣ್ಣಿಗೆ ಹತ್ತಿರದ್ದೂ ನುಣ್ಣಗೆ. ಜನ ಹಿಗ್ಗಿ ಹೀರೇಕಾಯಿಯಾದರು. ಯಾವುದಾದರೂ ಒಂದು ಕಣ್ಣು ಗುರುತಿಸಿದರೂ ಬಾಗಿಲು ತೆರೆಯುತ್ತಿದ್ದುದರಿಂದ ಆಗ ಯಾರಿಗೂ ಏನೂ ಅನ್ನಿಸಲಿಲ್ಲ.

ನನ್ನ ಮಗಳು ದ್ಯಾಮವ್ವನಿಗೆ ಜವಳಿ ಹೆಣ್ಣುಮಕ್ಕಳು, ಹೊನ್ನವ್ವ ಮತ್ತು ಚೆನ್ನವ್ವ. ಒಂದು ಅಚ್ಚಿನ ಎರಡು ಬೆಲ್ಲ. ಹುಟ್ಟಿದ ದಿನವೇ ನಾನು ಹೊನ್ನವ್ವನ ಎಡಗೆನ್ನೆಗೆ, ಚೆನ್ನವ್ವನ ಬಲಗೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟೆ. ಗುರುತಿಗೂ ಆಯಿತು, ದೃಷ್ಟಿಗೂ ಆಯಿತು. ಆಮೇಲೆ ಕಣ್ಣಿನ ಕಚೇರಿಯವರು ಕೂಸುಗಳ ಮುಖ ದಾಖಲಿಸಲು ಬಂದಾಗ, "ಕೆನ್ನಿ ಒರಿಸಿ ತರ್ರಿ" ಎಂದರು. ನಾನು, "ಮಂದಿ ಕಣ್ಣಿಗೇ ಬೊಟ್ಟಿಲ್ಲದ ತೋರಸೂದಿಲ್ಲ, ಇಂಥಾ ರೆಪ್ಪೀ ಇಲ್ಲದ ಕಣ್ಣಿಗೆ ತೋರಸ್ತೀನೇನು? ನಡೀರಿ ಅತ್ಲಾಗ" ಎಂದೆ. ನಾನೊಬ್ಬಳೇ ಅಲ್ಲ, ಓಣಿಯ ಎಲ್ಲ ಮುದುಕಿಯರೂ ಎಲ್ಲ ಕಾಲದಲ್ಲೂ ಹಾಗೇ ಮಾಡಿದ್ದಾರೆ. ಕಲ್ಲುಗಣ್ಣು ಕಂಡದ್ದನ್ನೇ ಕೇಳುವ ಹಟಮಾರಿ. ಹೀಗಾಗಿ ನಮ್ಮ ಓಣಿಯಲ್ಲಿ ಗಡ್ಡ ನರೆತ ಗಂಡಸರೂ ಕೆನ್ನೆಗೆ ಬೊಟ್ಟಿಟ್ಟುಕೊಂಡೇ ನೀರಿಗೆ ಬರುತ್ತಾರೆ. ಬೇರೆ ಓಣಿಯವರು ನಮ್ಮನ್ನು ಬೊಟ್ಟಿನ ಓಣಿಯವರು ಎಂದು ಆಡಿಕೊಳ್ಳುತ್ತಾರೆ.

ಕಳೆದ ಬೇಸಿಗೆಯಲ್ಲಿ ಕಲ್ಲುಗಣ್ಣಿನ ಗಾಜಿಗೆ ಬೂಸು ಹತ್ತಿತು. ಒಳಗೆ ಬಿಳಿ ಎಳೆಗಳು ಹಬ್ಬಿ ಅದಕ್ಕೆ ಎದುರಿಗಿರುವುದೆಲ್ಲ ಮಂಜಾಯಿತು. ಅದೇ ಹೊತ್ತಿಗೆ ನೀರುಗಣ್ಣು ಇನ್ನೊಮ್ಮೆ ಮಿಂದಿತು. ಈ ಸಲ ಅದು ನಮ್ಮ ಬೊಟ್ಟುಗಳನ್ನೆಲ್ಲ ಕೊಳೆ ಎಂದು ತಿಳಿದು ಒರೆಸಿಹಾಕಿತು, ಹಳೆಯ ಚಿತ್ರಗಳಲ್ಲೂ, ಎದುರಿಗೆ ನಿಂತ ಮುಖಗಳಲ್ಲೂ. ಉಳಿದವರಿಗೆ ಅದರಿಂದ ತೊಂದರೆಯಾಗಲಿಲ್ಲ. ನಮ್ಮ ಮನೆಯಲ್ಲಿ ಎರಡು ಮಕ್ಕಳು ಒಂದಾದವು.

ಮರುದಿನ ದ್ಯಾಮವ್ವ ಇಬ್ಬರನ್ನೂ ಎರಡು ಕೈಗಳಲ್ಲಿ ಹಿಡಿದು ಬಾಗಿಲ ಮುಂದೆ ನಿಂತಳು. ಬಾಗಿಲ ಪಕ್ಕದ ತೆರೆಯ ಮೇಲೆ ಕಣ್ಣಿಗೆ ಕಂಡದ್ದು ಮೂಡುತ್ತದೆ. ಅದರಲ್ಲಿ ದ್ಯಾಮವ್ವ ಒಂದು ಕೈಯಲ್ಲಿ ಮಗುವನ್ನು ಹಿಡಿದಿದ್ದಳು, ಇನ್ನೊಂದು ಕೈ ಗಾಳಿಯನ್ನು ಹಿಡಿದಿತ್ತು. ಬೆರಳುಗಳು ಮಡಚಿಕೊಂಡೇ ಇದ್ದವು, ಒಳಗೆ ಏನೂ ಇರಲಿಲ್ಲ. ಒಂದೇ ಥರದ ಎರಡು ಮುಖ ಕಂಡರೆ ಒಂದು ಕನ್ನಡಿಯ ಬಿಂಬವಿರಬೇಕು ಎಂದು ಅಳಿಸಿಹಾಕಲು ಅದು ಹೊಸದಾಗಿ ಕಲಿತಿದೆಯಂತೆ. ದ್ಯಾಮವ್ವ ತೆರೆಯನ್ನು ನೋಡಲಿಲ್ಲ, ತನ್ನ ಕೈಯನ್ನೇ ನೋಡಿಕೊಂಡಳು, ಮಗು ಅಲ್ಲಿದೆಯೇ ಎಂದು. ಹೊನ್ನವ್ವನೋ ಚೆನ್ನವ್ವನೋ, ಅಳಿಸಿಹೋದದ್ದು ಯಾರೆಂದು ನಮಗೆ ಇಂದಿಗೂ ತಿಳಿಯದು.

ಕಚೇರಿಗೆ ಹೋದೆ. ಅಲ್ಲಿಯ ಹುಡುಗಿ ಕೆಟ್ಟವಳಲ್ಲ, ಕಣ್ಣಲ್ಲಿ ನೀರು ತಂದುಕೊಂಡಳು. "ಅಮ್ಮಾ, ನನಗೂ ಎರಡು ಕಾಣತಾವ್ರಿ. ಆದ್ರ ನಾ ಕಂಡದ್ದು ಲೆಕ್ಕಕ್ಕಿಲ್ರೀ" ಎಂದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕಾಗಿಯೇ ಏನು?

ಈಗ ದಿನ ಬಿಟ್ಟು ದಿನ ಒಬ್ಬೊಬ್ಬಳನ್ನು ಬಾಗಿಲಿಗೆ ಒಯ್ಯುತ್ತೇವೆ. ಒಂದು ಪಾಲಿನ ನೀರು, ಒಂದು ಪಾಲಿನ ರೊಟ್ಟಿ, ಎರಡು ಹೊಟ್ಟೆ. ಮಕ್ಕಳ ತುಟಿ ಒಡೆದಿವೆ. ಆದರೆ ನನ್ನನ್ನು ಕೊಲ್ಲುತ್ತಿರುವುದು ಆ ಬಾಯಾರಿಕೆಯಲ್ಲ. ಬೆಳಿಗ್ಗೆ ಎದ್ದ ಕೂಡಲೇ ಚೆನ್ನವ್ವ ನನ್ನ ಸೆರಗು ಜಗ್ಗಿ ಕೇಳುತ್ತಾಳೆ: "ಆಯಿ, ಇವತ್ತ ನಾ ಅದೀನೋ, ಇಲ್ಲೋ?" ನಾನು, "ಇವತ್ತ ನೀ ಅದಿ, ನಿಮ್ಮಕ್ಕ ಇಲ್ಲ" ಎನ್ನಬೇಕು. ಹೊನ್ನವ್ವ ಅದನ್ನು ಕೇಳಿಸಿಕೊಂಡು ಮೂಲೆಗೆ ಹೋಗಿ, ಸದ್ದಾಗದ ಹಾಗೆ ಕೂರುತ್ತಾಳೆ. ಆರು ವರ್ಷದ ಮಗು ಇಲ್ಲದವಳ ಹಾಗೆ ಕೂರುವುದನ್ನು ಕಲಿತುಬಿಟ್ಟಿದ್ದಾಳೆ, ಅಡಿವೆಪ್ಪಾ.

ಶಂಕ್ರಮ್ಮ ಒಂದು ದಿನ, "ಒಂದರ ಕೆನ್ನೀಗೆ ಕಾಸಿ ಬರೀ ಕೊಡ್ರಿ, ಕಲೀ ಬೀಳತೈತಿ, ಗುರುತು ಸಿಗತೈತಿ" ಎಂದಳು. ದ್ಯಾಮವ್ವ ಹೊರಗೆ ಕೆಂಪಗೆ ಕಾದಿದ್ದ ರೊಟ್ಟಿಯ ತಗಡನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ನಾನು ಹೋಗಿ ಅವಳ ಮುಖವನ್ನು ನನ್ನ ಕಡೆಗೆ ತಿರುಗಿಸಿಕೊಂಡು, "ಅದು ಕಲೀನೂ ಒರಸತೈತಿ, ಹುಚ್ಚಿ" ಎಂದೆ. ಆ ದಿನದಿಂದ ನಾನು ಅವಳನ್ನು ಮಕ್ಕಳ ಜೊತೆ ಒಬ್ಬಳನ್ನೇ ಬಿಡುವುದಿಲ್ಲ. ಹೆತ್ತ ತಾಯಿಗೆ ನಾನು ಕಾವಲು ಕೂತಿದ್ದೇನೆ.

ಬರುವ ಕಾರಹುಣ್ಣಿಮೆಯ ದಿನ ಓಣಿಯವರು ಎರಡರಲ್ಲಿ ಒಂದು ಕಣ್ಣನ್ನು ಆರಿಸಿಕೊಳ್ಳಬೇಕು. ಬಿಟ್ಟದ್ದನ್ನು ಬಿಚ್ಚಿ ಒಯ್ಯುತ್ತಾರೆ, ಉಳಿದದ್ದರ ಲೆಕ್ಕವೇ ಶಾಶ್ವತ. ಕುರುಡಾದ ಕಣ್ಣಿಗೆ ಯಾರು ಕೈ ಎತ್ತುತ್ತಾರೆ? ನನ್ನ ಅಳಿಯ ನಿಂಗರಾಜನೇ, "ಅತ್ತಿ, ನೀರುಗಣ್ಣು ಮುಂದಿನ ಸಲ ಮಿಂದಾಗ ಸರಿ ಆದೀತ್ರಿ, ಇನ್ನೊಂದ ಸಲ ನೋಡೂಣು" ಎನ್ನುತ್ತಾನೆ. ಅಡಿವೆಪ್ಪನ ಕಡೀದು! ಕಲ್ಲುಗಣ್ಣಿನ ಹೊಟ್ಟೆಯಲ್ಲಿ ನಮ್ಮ ಎರಡು ಕೂಸುಗಳೂ ಇವೆ, ಎಡಬೊಟ್ಟು ಬಲಬೊಟ್ಟುಗಳ ಸಮೇತ. ಎದುರಿಗೆ ನಿಂತವರ ಜೊತೆ ತಾಳೆ ನೋಡಲು ಅದಕ್ಕೆ ಒಂದು ಒಳ್ಳೆಯ ಗಾಜು ಬೇಕು. ಆ ಬಾಯಿಗೆ ಕೂಡುವುದು ನಿನ್ನ ಕುಲದ ಲೆನ್ಸ್ ಒಂದೇ. ಹುಡುಕಿದೆವು, ಊರೂರು ಕೇಳಿದೆವು. ಎಲ್ಲರ ಮನೆಯ ಹಿರಿಯರೂ ಎಕ್ಸ್‌ಚೇಂಜಿಗೆ ಹಾಕಿ ಕೈ ತೊಳೆದುಕೊಂಡವರೇ.

ನಿನ್ನ ಕಬ್ಬಿಣದ ಟ್ರಂಕು ಇನ್ನೂ ನಮ್ಮಲ್ಲಿದೆ. ಮುಚ್ಚಳದ ಮೇಲೆ "ಅಡಿವೆಪ್ಪ ಕೊಣ್ಣೂರ, ಛಾಯಾಗ್ರಾಹಕರು" ಎಂದು ಬಣ್ಣದಲ್ಲಿ ಬರೆದದ್ದು ಅರ್ಧ ಉಳಿದಿದೆ. ತಳದಲ್ಲಿ ಒಂದು ಇಳಕಲ್ ಸೀರೆಯ ತುಂಡಿದೆ, ಸಾವಕ್ಕನದಿರಬೇಕು. ಅದು ಮುಷ್ಟಿಯಷ್ಟು ದುಂಡಗೆ, ಏನನ್ನೋ ಸುತ್ತಿದ ಆಕಾರದಲ್ಲೇ ಗಟ್ಟಿಯಾಗಿ ಕೂತಿದೆ. ಗಂಟು ಬಿಚ್ಚಿದೆ. ಒಳಗೆ ಏನೂ ಇಲ್ಲ. ಅಂದರೆ ನೀನು ನಿನ್ನಪ್ಪನ ಕಾಲದ ಆ ಐವತ್ತರ ಲೆನ್ಸನ್ನು, ಕೈಯಿಂದ ಬಳೆ ತಿರುಗಿಸುವ ಆ ಗಟ್ಟಿ ಗಾಜನ್ನು, ಒಮ್ಮೆ ಕಟ್ಟಿ ಇಟ್ಟಿದ್ದೆ. ಇಡಬೇಕು ಎಂದು ನಿನಗೂ ಅನ್ನಿಸಿತ್ತು. ಆಮೇಲೆ ಯಾವುದೋ ಒಂದು ಕಡೀದಕ್ಕಾಗಿ ಬಿಚ್ಚಿದೆ. ಈ ಖಾಲಿ ಬಟ್ಟೆಯನ್ನು ಕಂಡಾಗ ನಿನ್ನನ್ನು ಬೈದಷ್ಟು ನಾನು ನನ್ನ ಗಂಡನನ್ನೂ ಬೈದಿಲ್ಲ.

ಹೊಸ ಕ್ಯಾಮೆರಾ ಕೊಳ್ಳಲೇಬೇಡ ಎನ್ನುವುದಿಲ್ಲ. ಹೆಗಲು ನೋವು ನಿನ್ನದು, ಹೊಟ್ಟೆಪಾಡು ನಿನ್ನದು. ಹಗುರಾದದ್ದೇ ಬೇಕಿದ್ದರೆ ತೆಗೆದುಕೋ, ಮುಂದಿನ ವರ್ಷ ಇನ್ನೊಂದು ಬಂದಾಗ ಅದಕ್ಕೂ ಮರುಳಾಗು, ನಿನ್ನ ಬುದ್ಧಿ ಮೂರು ದಿನ ನೆಟ್ಟಗಿರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಈ ಒಂದು ಗಾಜನ್ನು ಅಂಗಡಿಯ ಮೇಜಿನಿಂದ ಎತ್ತಿ ಜೇಬಿಗೆ ಹಾಕಿಕೋ. ಮನೆಗೆ ಹೋಗಿ ಸಾವಕ್ಕನ ಕೈಗೆ ಕೊಡು. ಕಟ್ಟುವವಳು ಅವಳಾಗಲಿ, ಬಿಚ್ಚುವ ಅಧಿಕಾರವೂ ಅವಳಿಗೇ ಇರಲಿ. ನೀನು ಆ ಗಂಟು ಮುಟ್ಟಬೇಡ. ಕೈ ಮುಗಿದು ಬೇಡುತ್ತೇನೆ, ಅಡಿವೆಪ್ಪಾ, ಕಟ್ಟಿದ ಗಂಟು ಬಿಚ್ಚಬೇಡ.

ದಿನಾ ಬೆಳಿಗ್ಗೆ ಟ್ರಂಕಿನ ಮುಚ್ಚಳ ಎತ್ತಿ ನೋಡುತ್ತೇನೆ. ಪತ್ರ ಬರೆಯುವ ಮೊದಲೇ ನೋಡುತ್ತಿದ್ದೆ, ನನಗೇ ನಾಚಿಕೆ. ನಾಳೆ ಇದನ್ನು ಅಂಚೆಗೆ ಹಾಕಿ ಬಂದು ಮತ್ತೆ ಎತ್ತುತ್ತೇನೆ. ಬಟ್ಟೆ ಖಾಲಿಯಿದ್ದರೆ ನಿನಗೆ ಇದು ಮುಟ್ಟಲಿಲ್ಲ ಎಂದುಕೊಳ್ಳುತ್ತೇನೆ. ಮುಟ್ಟಿಯೂ ಬಿಚ್ಚಿದೆ ಎಂದು ನೆನೆಯುವ ಧೈರ್ಯ ನನಗಿಲ್ಲ.

ಸಹಿಯ ಕೆಳಗೆ ಎರಡು ಕಪ್ಪು ಕಲೆಗಳು ನಿನಗೆ ಕಾಣಿಸುತ್ತವೆ. ಶಾಯಿ ಚೆಲ್ಲಿದ್ದಲ್ಲ, ಕಾಡಿಗೆ. ಮಕ್ಕಳ ಬೆರಳು ಅದ್ದಿ ನಾನೇ ಒತ್ತಿಸಿದ್ದು. ಎಡಗಡೆಯದು ಹೊನ್ನವ್ವ, ಬಲಗಡೆಯದು ಚೆನ್ನವ್ವ. ಇಬ್ಬರೂ ಇದ್ದಾರೆ. ಒರೆಸಬೇಡ.

ನಿನ್ನ ಮರಿಮಗನ ಮಗಳು,
ಬಂಗಾರೆವ್ವ

●          ●