ಶಬನಮ್ ನಿಂತ ಗಳಿಗೆ

ಜುಲೈ 8, ಮಂಗಳವಾರ. ಭಾಲ್ಕಿ ಬಸ್ಸಿನಲ್ಲಿ

ಇವತ್ತೂ ಬೂಟು ಬದಲಿಸುವುದು ಮರೆತೆ. ಕೆಮ್ಮಣ್ಣಿನ ಬೂಟಲ್ಲೇ ಬ್ಯಾಂಕಿಗೆ. ಹೋಗಲಿ, ಕೌಂಟರಿನ ಕೆಳಗೆ ಯಾರು ನೋಡುತ್ತಾರೆ.

ಔರಾದ್ ರಸ್ತೆಯ ಬೀಳು ಹೊಲದಲ್ಲಿ ಮಂಜು. ಸುಣ್ಣದ ಗೆರೆ ಎಳೆದ ನನ್ನ ಅರೀನಾ. ಸುತ್ತ ಎಣ್ಣೆ ಡಬ್ಬಿಗಳು, ಒಂದೊಂದರ ಮೇಲೂ ಒಂದು ಅಕ್ಷರ. ಈ ಡಬ್ಬಿಯಿಂದ ನಡೆ, ಆ ಡಬ್ಬಿಯಿಂದ ಓಡು, ಇಲ್ಲಿ ನಿಲ್ಲು — ಡ್ರೆಸಾಜ್ ಎಂಬ ಕುದುರೆ ಸವಾರಿ ಸ್ಪರ್ಧೆ ಅಂದರೆ ಇಷ್ಟೇ. ಈ ಇಷ್ಟಕ್ಕೇ ಜನ್ಮ ಸಾಲದು.

ಶಬನಮ್ ಖಾಸಿಂ ಅಲಿಯವರ ಲಗ್ನದ ಕುದುರೆ. ಬಿಳಿ. ಬಾಲದ ತುದಿಯಲ್ಲಿ ಬೇಸಿಗೆಯ ಮೆಹಂದಿ ಇನ್ನೂ ಉಳಿದಿದೆ. ಆಷಾಢ ಏಕಾದಶಿಯಿಂದ ತುಳಸಿ ಲಗ್ನದವರೆಗೆ ನಮ್ಮವರಲ್ಲಿ ಮದುವೆ ಇಲ್ಲ. ಉಳಿದ ಮೆರವಣಿಗೆಗಳಿಗೆ ಅವರ ಕರಿ ಕುದುರೆ ಸಾಕು. ಅಲ್ಲಿಯವರೆಗೆ ಬೆಳಗಿನ ಹೊತ್ತು ಇವಳು ನನ್ನವಳು.

“ಕಲಿಸ್ರಿ ಮೇಡಂ, ಬೇಕಾದ್ದು ಕಲಿಸ್ರಿ. ಆದ್ರ ಆಕಿ ಮೆರವಣಿಗಿ ನಾಚ್ ಮರಿಬಾರದ್ರಿ. ಮರೆತ್ಲಂದ್ರ ಮುಂದ ನಿಮಗ ಕೊಡಾಂಗಿಲ್ಲ ನೋಡ್ರಿ.”

ಖಾಸಿಂ ಅಲಿಯವರ ಈ ಷರತ್ತಿಗೆ ಒಪ್ಪಿದೆ. ನಲವತ್ತೇಳರಲ್ಲಿ ನನಗಿರುವುದು ಒಂದೇ ಆಸೆ. ನಿಜವಾದ ಷೋನಲ್ಲಿ, ಒಂದೇ ಒಂದು ಸಲ, ನಡುಗೆರೆ ಹಿಡಿದು ಬಂದು ಅವಳು ನಾಲ್ಕೂ ಕಾಲು ಸಮನಾಗಿ ಊರಿ ನಿಲ್ಲಬೇಕು. ನಾನು ಬಲಗೈ ಇಳಿಬಿಟ್ಟು, ತಲೆ ಬಾಗಿಸಿ ಸಲಾಮ್ ಮಾಡಬೇಕು. ಸಾಕು.

ಜುಲೈ 20

ನಿಲ್ಲುವುದೇ ಇಲ್ಲ ಮಾರಾಯ್ತಿ! ನಿಲ್ಲಿಸಿದಲ್ಲೆಲ್ಲ ಕಾಲು ತಕಪಕ.

ಖಾಸಿಂ ಅಲಿ ಉಪಾಯ ಹೇಳಿದರು. ಮಂಟಪದ ಬಾಗಿಲಲ್ಲಿ ಮಾತ್ರ ಇವಳು ಮಿಸುಕುವುದಿಲ್ಲವಂತೆ. ಮದುಮಗನ ಅಕ್ಕ ಬಂದು ಬೆಲ್ಲ, ನೆನೆಸಿದ ಕಡಲೆಬೇಳೆ ತಿನಿಸಬೇಕು. ತಿಂದ ಮೇಲೇ ಕುಣಿತ.

“ಬೆಲ್ಲ ಇಟ್ಕೋರಿ. ಬೆಲ್ಲ ಬರ್ತದಂತ ತಿಳಿದ್ರ ಕಲ್ಲಿನಂಗ ನಿಂತ್ಕೋತಾಳ್ರಿ.”

ನಿಂತಳು. ಕೈ ಇಳಿಬಿಟ್ಟೆ, ತಲೆ ಬಾಗಿಸಿದೆ. ಮುಂದಕ್ಕೆ ಬಗ್ಗಿ ಬಾಯಿಗೆ ಬೆಲ್ಲ ಕೊಟ್ಟೆ. ಆಮೇಲೆ ತಾನಾಗೇ ಹೊರಟಳು. ದಿನವೆಲ್ಲ ನನ್ನ ಅಂಗೈಗೆ ಅವಳ ಉಸಿರಿನ ವಾಸನೆ.

ಸೆಪ್ಟೆಂಬರ್ 14

ಕನಸು. ಬ್ಯಾಂಕಿನ ಹಾಲ್ ಉದ್ದಕ್ಕೆ ಬೆಳೆದಿದೆ, ಕೊನೆಯೇ ಇಲ್ಲ. ಶಬನಮ್ ಸದ್ದಿಲ್ಲದೆ ಓಡುತ್ತಿದ್ದಾಳೆ. ಮೇಲೆ ಯಾರೂ ಇಲ್ಲ. ಆದರೂ ಅವಳ ಬೆನ್ನಿನ ಏರಿಳಿತ ನನ್ನ ಸೊಂಟಕ್ಕೆ ಗೊತ್ತಾಗುತ್ತಿದೆ...

ಬೆಳಿಗ್ಗೆ ಹೊಲದಲ್ಲೂ ಹಾಗೇ. ಮಂಜಿನಲ್ಲಿ ಎಲ್ಲಿ ಅವಳು ಮುಗಿದು ಎಲ್ಲಿ ನಾನು ಶುರುವಾಗುತ್ತೇನೋ ತಿಳಿಯಲಿಲ್ಲ.

ಪ್ರಭಾಕರ ಚಹಾದ ಫ್ಲಾಸ್ಕ್ ಹಿಡಿದು ಬಂದಿದ್ದರು. ನಮ್ಮ ಯಜಮಾನರಿಗೆ ಎಲ್ಲದರಲ್ಲೂ ಅನುಮಾನ.

“ನಲಿನಿ, ಷೋನಾಗ ಬೆಲ್ಲ ಯಾರು ಕೊಡ್ತಾರ?”

“ಅಷ್ಟೊತ್ತಿಗೆ ರೂಢಿ ಆಗಿರ್ತದರಿ.”

ಅಕ್ಟೋಬರ್ 25

ಮಳೆ. ನಾಳಿನ ಷೋ ಮುಂದಕ್ಕೆ — ನವೆಂಬರ್ 9. ಅಷ್ಟರಲ್ಲಿ ತುಳಸಿ ಲಗ್ನ ಮುಗಿದಿರುತ್ತದೆ. ಷೋ ದಿನವೇ ಸಂಜೆ ಭಾಲ್ಕಿಯಲ್ಲಿ ಶಬನಮ್‌ಗೆ ಮೆರವಣಿಗೆ.

“ಮುಂಜಾನಿ ನಿಮ್ದು, ಸಂಜಿ ನಂದು. ಆತಿಲ್ರಿ?” ಅಂದರು ಖಾಸಿಂ ಅಲಿ.

ಕೊಡುವುದಿಲ್ಲ ಅನ್ನುತ್ತಾರೆಂದುಕೊಂಡಿದ್ದೆ. ಅತ್ತುಬಿಟ್ಟೆ.

ನವೆಂಬರ್ 9, ರವಿವಾರ. ಮಧ್ಯಾಹ್ನ

ಗಂಟೆ ಹೊಡೆಯಿತು. ಒಳಗೆ ಹೋದೆವು. ಎದುರಿಗೆ ಜಡ್ಜ್‌ಗೆ ಹಾಕಿದ ಶಾಮಿಯಾನ, ಕೆಂಪು ಹಳದಿ ಜಾಲರಿ. ನಡುಗೆರೆ. ಶಬನಮ್ ನಿಂತಳು. ನಾಲ್ಕೂ ಕಾಲು ಸಮ. ಸಲಾಮ್ ಮಾಡಿದೆ. ಎಲ್ಲೂ ಸದ್ದಿಲ್ಲ. ಬಿಸಿಲು ಕೂಡ ನಿಂತ ಹಾಗೆ...

ಹೊರಡಲು ಕಾಲು ಒತ್ತಿದೆ. ಮಿಸುಕಲಿಲ್ಲ. ಮತ್ತೆ ಒತ್ತಿದೆ. ಕತ್ತು ತಿರುಗಿಸಿ ನನ್ನ ಕೈ ನೋಡಿದಳು. ಬೆಲ್ಲ! ತಂದಿರಲಿಲ್ಲ. ಬಿಳಿ ಪ್ಯಾಂಟಿಗೆ ಕಲೆಯಾದೀತೆಂದು ಮನೆಯಲ್ಲೇ ಬಿಟ್ಟಿದ್ದೆ. ಮತ್ತೆ ಗಂಟೆ. ಔಟ್.

ಪ್ರಭಾಕರ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟರು. ಪುಣ್ಯಾತ್ಮ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಿಂತಳಲ್ಲ!

ಅದೇ ದಿನ. ಭಾಲ್ಕಿ, ಮದುವೆ ಮಂಟಪದ ಕುರ್ಚಿಯಲ್ಲಿ

ಶಬನಮ್ ಕುಣಿತ ನೋಡಲು ನಾನೂ ಬಂದಿದ್ದೆ. ಬರೆದೇ ಬಿಡುತ್ತೇನೆ.

ಬಾಗಿಲಲ್ಲಿ ಮದುಮಗನ ಅಕ್ಕ ಬೆಲ್ಲ-ಬೇಳೆ ತಿನಿಸಿದಳು. ಶಬನಮ್ ತಿಂದಳು. ಬ್ಯಾಂಡ್ ಎದ್ದಿತು. ಕುಣಿಯಲಿಲ್ಲ. ನಾಲ್ಕೂ ಕಾಲು ಸಮನಾಗಿ ಊರಿ ನಿಂತೇ ಇದ್ದಳು. ಮದುಮಗ ಕತ್ತು ತಟ್ಟಿದ. ಜನ ಸೀಟಿ ಹೊಡೆದರು. ಇಲ್ಲ.

ಖಾಸಿಂ ಅಲಿ ನನ್ನ ಕಡೆ ತಿರುಗಿದರು. “ನಾಚ್ ಮರೆತ್ಲರಿ, ಮೇಡಂ.”

ಅವರ ಮುಖದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಅವರ ಅನ್ನಕ್ಕೆ ಕಲ್ಲು ಹಾಕಿದೆನಲ್ಲ. ಶಬನಮ್ ಕಿವಿ ನಿಮಿರಿಸಿ ನನ್ನನ್ನೇ ನೋಡುತ್ತಿದ್ದಳು. ಆಗ ಹೊಳೆಯಿತು. ನಾನೇ ಕಲಿಸಿದ್ದು — ನಿಲ್ಲು, ಸಲಾಮ್, ಬೆಲ್ಲ, ಆಮೇಲೆ ಹೊರಡು. ಬೆಳಿಗ್ಗೆ ಬೆಲ್ಲ ಬರಲಿಲ್ಲ. ಈಗ ಸಲಾಮ್ ಬಂದಿಲ್ಲ.

ರೇಷ್ಮೆ ಸೀರೆಯಲ್ಲೇ ಅವಳೆದುರು ಹೋಗಿ ನಿಂತೆ. ಬಲಗೈ ಇಳಿಬಿಟ್ಟೆ. ತಲೆ ಬಾಗಿಸಿದೆ.

ಅವಳು ಉಸಿರು ಬಿಟ್ಟಳು. ಮುಂಗಾಲು ಎದ್ದಿತು. ಗೆಜ್ಜೆ ಘಲ್ಲೆಂದಿತು.

“ಇನ್ನ ಎಲ್ಲಾ ಲಗ್ನಕ್ಕೂ ನೀವ ಬರಬೇಕಾಗ್ತದ ನೋಡ್ರಿ!” ಖಾಸಿಂ ಅಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು.

“ಬರ್ತೇನ್ರಿ. ಮುಂಜಾನಿ ಆಕಿನ್ನ ಕೊಡ್ರಿ.”

“ನಾಳಿಗೇ ಕಳಸ್ತೇನ್ರಿ.”

ನವೆಂಬರ್ 10. ಹೊಲದಲ್ಲಿ

ಮಂಜು. ಡಬ್ಬಿಗಳೇ ಕಾಣುತ್ತಿಲ್ಲ. ಜೇಬಲ್ಲಿ ಬೆಲ್ಲ ಕರಗುತ್ತಿದೆ, ಪ್ಯಾಂಟು ಕಲೆಯಾದರೆ ಆಗಲಿ. ದೂರದಲ್ಲಿ ಘಲ್ ಘಲ್... ಗೆಜ್ಜೆ ಬಿಚ್ಚುವುದನ್ನೇ ಮರೆತಿದ್ದಾರೆ. ಬಂದಳು. ಕರೆಯದೆಯೇ ನಡುಗೆರೆಗೆ ಬಂದು ನಿಂತಳು. ಪೆನ್ನು ಕೆಳಗಿಡಬೇಕು. ಮೊದಲು ಸಲಾಮ್, ಆಮೇಲೆ —