ಎರಡು ನೀರು, ಒಂದು ಪುಡಿ

ಟೆಚಿಮಾನ್, ಘಾನಾ
ಅಕ್ಟೋಬರ್ 18, 2009, ಭಾನುವಾರ

ನನ್ನ ಯಜಮಾನ ಕ್ವಾಕುವಿಗೆ,

ಕೋಕೋ ತೋಟದಲ್ಲಿ ನೀನು ಕ್ಷೇಮವಾಗಿದ್ದೀಯ, ಈ ಮಳೆಗೆ ನಿನ್ನ ಮೊಣಕಾಲು ಜಗಳ ತೆಗೆದಿಲ್ಲ ಎಂದು ನಂಬಿ ಬರೆಯುತ್ತಿದ್ದೇನೆ. ಲಾರಿಗಳು ಬಂದು ಹೋದವು, ಒಂದರಲ್ಲೂ ನನ್ನ ಕಾಗದ ಇರಲಿಲ್ಲ ಎಂದು ಹಲ್ಲು ಕಡಿದಿರುತ್ತೀ. ಕಡಿ, ಅದು ನಿನ್ನ ಹಕ್ಕು. ಆದರೆ ಸೋಲುತ್ತಿರುವಾಗ ಕಾಗದ ಬರೆದರೆ ಅಕ್ಷರಗಳೂ ಸೊಟ್ಟಗೆ ಬರುತ್ತವೆ. ಗೆದ್ದ ಮೇಲೆ ಬರೆಯೋಣ ಅಂತ ಕಾದೆ. ಗೆದ್ದಿದ್ದೇನೆ. ಇನ್ನು ಕೂತು ಓದು.

ಮಳೆ ಹಿಡಿದ ಕೂಡಲೇ ಸಂತೆಯ ಮಕ್ಕಳಿಗೆ ಭೇದಿ ಹತ್ತಿಕೊಂಡಿತು. ನನ್ನ ಅಂಗಡಿ ನಿನಗೆ ಗೊತ್ತಲ್ಲ: ಮೇಲಿನ ಹಲಗೆಯಲ್ಲಿ ಹೊಟ್ಟೆಹುಣ್ಣಿನ ಬಿಳಿ ದ್ರಾವಣ, ನಡುವೆ ಎದೆಯುರಿಗೆ ಜಗಿಯುವ ಮಾತ್ರೆ, ಜಂತುಹುಳದ ಸಿರಪ್ಪು, ಕೈಗೆಟಕುವಲ್ಲಿ ಭೇದಿಗೆ ನೀರಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣ ಮತ್ತು ಜಿಂಕ್ ಮಾತ್ರೆ. ಬಸ್ಸಿನಲ್ಲಿ ಪ್ರಯಾಣಿಕರ ಪ್ರಾರ್ಥನೆ ಮುಗಿದು ಆಮೆನ್ ಆರುವ ಮೊದಲೇ ಎದ್ದು ನಿಂತು ಔಷಧಿ ಮಾರುತ್ತಿದ್ದವಳಿಗೆ ನಾಲ್ಕು ಗೋಡೆ, ಒಂದು ಪರವಾನಗಿ ಆಗಿದ್ದು ಈ ಊರಿನ ಹೊಟ್ಟೆಗಳ ದಯೆಯಿಂದ. ಆ ಅಂಗಡಿಯ ಬಾಗಿಲಿಗೇ ನಿಷೇಧದ ತಾಳೆಗರಿ ಕಟ್ಟಿದರು.

ಕಟ್ಟಿಸಿದವಳು ಸಂತೆಯ ಟೊಮೆಟೊ ಮಾರುವವರನ್ನೆಲ್ಲ ಆಳುವ ಟೊಮೆಟೊ ರಾಣಿ ನಾನಾ ಸೆರ್ವಾ. ಅವಳ ಮಗಳು ಬೊಆಟೆಮಾ ನನ್ನಿಂದ ಪುಡಿ ಒಯ್ದು ತನ್ನ ಎರಡು ವರ್ಷದ ಪೊಕುವಾಗೆ ಕುಡಿಸಿದಳಂತೆ. ಮಗು ಕುಡಿದದ್ದನ್ನೆಲ್ಲ ಕಕ್ಕಿ, ಕಣ್ಣು ಒಳಗೆ ಹೋಗಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬಂತು. ಇನ್ನೂ ಕೆಲವು ಮಕ್ಕಳದೂ ಇದೇ ಕಥೆ. ತಾಳೆಗರಿಯನ್ನು ದಾಟಿದವರಿಗೆ ಸಂತೆಯಲ್ಲಿ ಜಾಗವಿಲ್ಲ, ಅಷ್ಟೇ. ಮೈಕಿನ ಗಾಡಿಯಲ್ಲಿ ಕಹಿ ಕಷಾಯ ಮಾರುವ ಒಪೊಂಗ್ ಅಂದೇ ನನ್ನ ಮುಚ್ಚಿದ ಬಾಗಿಲಿನೆದುರು ಗಾಡಿ ನಿಲ್ಲಿಸಿ, "ಅಕ್ಕಂದಿರಾ, ಆ ಪುಡಿ ಮೀನಿಗೆ ಹಚ್ಚೋದು, ಮಕ್ಕಳಿಗಲ್ಲ! ನನ್ನ ಒಂದು ಬಾಟ್ಲಿ, ಏಳು ಕಾಯಿಲೆ!" ಎಂದು ಕೂಗಿದ. ಎಂಟನೆಯ ಕಾಯಿಲೆ ಅವನೇ.

ನಾನು ಅಳಲಿಲ್ಲ. ನೀನಿಲ್ಲದಾಗ ಅಳುವುದು ದಂಡ. ಬದಲಿಗೆ ಒಂದೇ ಪ್ರಶ್ನೆ ಹಿಡಿದು ಕೂತೆ: ನನ್ನ ಪೊಟ್ಟಣ, ಆಸ್ಪತ್ರೆಯ ಪೊಟ್ಟಣ ಬರುವುದು ಒಂದೇ ಪೆಟ್ಟಿಗೆಯಲ್ಲಿ. ಅಲ್ಲಿ ಕುಡಿದ ಮಗು ಏಳುತ್ತದೆ, ಇಲ್ಲಿ ಕುಡಿದ ಮಗು ಕಕ್ಕುತ್ತದೆ. ಅಂದ ಮೇಲೆ ತಪ್ಪು ಪುಡಿಯಲ್ಲಿಲ್ಲ, ನನ್ನ ಅಂಗಡಿಗೂ ಮಗುವಿನ ಬಾಯಿಗೂ ನಡುವೆ ಎಲ್ಲೋ ಇದೆ. ಅದನ್ನು ಹುಡುಕದಿದ್ದರೆ ಅಂಗಡಿಯೂ ಹೋಯಿತು, ಮುಂದಿನ ಮಗುವೂ ಹೋಯಿತು.

ಮಾರಲಂತೂ ಬಿಡುತ್ತಿರಲಿಲ್ಲ, ಟೊಮೆಟೊ ಪೆಟ್ಟಿಗೆಗಳ ನಡುವೆ ಒಂದು ಸ್ಟೂಲು ಹಾಕಿಕೊಂಡು ಕೂತೆ. ಬದನೆಕಾಯಿ ಮಾರುವ ಒಬ್ಬಳ ಮಗುವಿಗೆ ಭೇದಿ. ಅವಳ ಹತ್ತಿರ ನನ್ನದೇ ಹಳೆಯ ಪೊಟ್ಟಣವೊಂದು ಉಳಿದಿತ್ತು. ನೀರು ಮಾರುವವಳನ್ನು ಕರೆದು ಒಂದು ಪ್ಯಾಕೆಟ್ ನೀರು ತೆಗೆದುಕೊಂಡಳು. ನಾವೆಲ್ಲ ಮಾಡುವ ಹಾಗೆ ಹಲ್ಲಿನಿಂದ ಮೂಲೆ ಕಚ್ಚಿ, ಪ್ಲಾಸ್ಟಿಕ್ ತುಣುಕು ಉಗಿದು, ಅದೇ ತೂತಿನಿಂದ ಪುಡಿ ಪೂರ್ತಿ ಸುರಿದು, ಕುಲುಕಿ, ಮಗುವಿನ ಬಾಯಿಗಿಟ್ಟಳು.

ಕ್ವಾಕು, ನಾನು ಸ್ಟೂಲಿನಿಂದ ಎದ್ದ ರಭಸಕ್ಕೆ ಒಂದು ಪೆಟ್ಟಿಗೆ ಟೊಮೆಟೊ ಉರುಳಿತು. ಪೊಟ್ಟಣದ ಮೇಲೆ ಒಂದು ಲೀಟರ್ ಎಂದು ಬರೆದಿದೆ. ನಾನೂ ಗಿಣಿಯ ಹಾಗೆ ಒಂದು ಲೀಟರ್ ಎಂದೇ ಹೇಳಿ ಮಾರುತ್ತಿದ್ದೆ. ಈ ಸಂತೆಯಲ್ಲಿ ಲೀಟರನ್ನು ಕಂಡವರು ಯಾರು? ಇಲ್ಲಿ ನೀರೆಂದರೆ ಪ್ಯಾಕೆಟ್, ಒಂದು ಪ್ಯಾಕೆಟ್ ಎಂದರೆ ಅರ್ಧ ಲೀಟರ್! ಒಂದು ಪೊಟ್ಟಣಕ್ಕೆ ಒಂದು ಪ್ಯಾಕೆಟ್ ಎಂದು ಜನ ತಾವೇ ಜೋಡಿ ಹಾಕಿಕೊಂಡಿದ್ದರು. ಅಷ್ಟು ಉಪ್ಪು ಹೋದರೆ ಮಗು ಕಕ್ಕದೆ ಹಾಡುತ್ತದೆಯೇ?

ಆ ಮಗುವಿನ ಬಾಯಿಂದ ಪ್ಯಾಕೆಟ್ ಕಿತ್ತುಕೊಂಡೆ. ಅವಳು ಬೈದಳು, ನಾನೂ ಬೈದೆ. ಆಮೇಲೆ ನಮ್ಮ ಪದ್ಧತಿಯಂತೆ ಒಂದು ಬಾಟಲಿ ಜಿನ್ ಕಾಣಿಕೆ ಹಿಡಿದು ನಾನಾ ಸೆರ್ವಾಳ ಚಪ್ಪರಕ್ಕೆ ಹೋದೆ. ರಾಣಿಯೊಂದಿಗೆ ನೇರ ಮಾತಾಡುವಂತಿಲ್ಲವಲ್ಲ. ಕೋಲು ಹಿಡಿದ ಮಾತುಗಾರ ನಡುವೆ ನಿಂತ.

"ಏನಕ್ಕೆ ಬಂದಿದಾಳೆ ಕೇಳು," ಅಂದಳು ನಾನಾ, ನನ್ನನ್ನೇ ನೋಡುತ್ತ.

"ಏನಕ್ಕೆ ಬಂದೆ?" ಅಂದ ಮಾತುಗಾರ.

"ನಾನಾಗೆ ಬಾಯಾರಿಕೆ ಆಗಿದೆಯಾ ಅಂತ ಕೇಳಕ್ಕೆ," ಅಂದೆ.

ಎರಡು ಲೋಟ ಇಟ್ಟೆ. ಒಂದರಲ್ಲಿ ಸಂತೆಯವರ ಕಲಸು, ಇನ್ನೊಂದರಲ್ಲಿ ಎರಡು ಪ್ಯಾಕೆಟ್ ನೀರಿಗೆ ಒಂದೇ ಪುಡಿ ಹಾಕಿದ್ದು. ನಾನಾ ಮೊದಲನೆಯದನ್ನು ಬಾಯಿಗೆ ಹಾಕಿದವಳೇ ಮಾತುಗಾರನ ಚಪ್ಪಲಿಯ ಮೇಲೆ ಉಗಿದಳು.

"ಥೂ! ಸಮುದ್ರಾನೇ ಕುಡಿಸ್ತಿದೀಯಾ, ಬಾಯಿಬಡುಕಿ?"

"ನಾನಲ್ಲ, ನಾನಾ. ನಿಮ್ಮ ಮೊಮ್ಮಗು ಕುಡಿದಿದ್ದು ಇದೇ. ಈಗ ಅದನ್ನ ಕುಡೀರಿ."

ಎರಡನೆಯದನ್ನು ನಿಧಾನವಾಗಿ ಕುಡಿದಳು. ಮಾತುಗಾರನನ್ನು ಮರೆತೇಬಿಟ್ಟಳು. "ಇದು ಕಣ್ಣೀರಿನ ರುಚಿ ಕಣೇ."

"ಅಷ್ಟೇ ಇರ್ಬೇಕು ಉಪ್ಪು. ಕಣ್ಣೀರಿಗಿಂತ ಹೆಚ್ಚಾದ್ರೆ ಚೆಲ್ಲಿ."

ಹಿಂದೆ ನಿಂತಿದ್ದ ಬೊಆಟೆಮಾ, "ನಾನು ಒಂದೇ ಪ್ಯಾಕೆಟ್‌ಗೆ ಹಾಕಿದ್ದೆ," ಎಂದು ಸೆರಗು ಕಚ್ಚಿಕೊಂಡಳು. ಅವಳ ಬೆನ್ನಿನ ಮೇಲಿದ್ದ ಪೊಕುವಾಗೆ ಬೆಳಿಗ್ಗೆಯಿಂದ ಮತ್ತೆ ಭೇದಿ. ತುಟಿ ಒಣಗಿ ಬಿರಿದಿತ್ತು.

ನಾನಾ ನನ್ನನ್ನು ಅಳೆಯುವಂತೆ ನೋಡಿದಳು. "ಮಾತು ಯಾರು ಬೇಕಾದ್ರೂ ಮಾರ್ತಾರೆ, ಅಕುವಾ. ಕುಡಿಸು. ಇಲ್ಲೇ, ನನ್ನ ಕಣ್ಣೆದುರು. ಮಗು ಕಕ್ಕಿದ್ರೆ ನಿನ್ನ ಅಂಗಡಿ ಹಲಗೆ ನೀನೇ ಕಿತ್ಕೊಂಡು ಹೋಗು."

"ಕಕ್ಕದೆ ಉಳಿಸಿಕೊಂಡ್ರೆ?"

"ಮೊದ್ಲು ಉಳಿಸ್ಕೊಳ್ಲಿ."

ಚಮಚದಲ್ಲಿ ಕುಡಿಸಿದೆ. ಗುಟುಕಿಗೊಂದು ಬಿಡುವು, ಬಿಡುವಿಗೊಂದು ಗುಟುಕು. ಆ ಕಡೆ ಈ ಕಡೆ ಸಂತೆಯೆಲ್ಲ ಬಂದು ನಿಂತಿತು. ಒಪೊಂಗ್ ಕೂಡ ಮೈಕು ಆರಿಸಿ ಕತ್ತು ಚಾಚಿದ. ಒಮ್ಮೆ ಮಗು ಕಕ್ಕುವ ಹಾಗೆ ಗಂಟಲು ಎತ್ತಿತು. ಚಮಚ ಹಿಂದಕ್ಕೆಳೆದುಕೊಂಡೆ. ಬರೀ ತೇಗು! ಯಾರೋ ಹೆಂಗಸು "ಆಮೆನ್" ಅಂದಳು. ಹೊತ್ತು ಇಳಿಯುವಷ್ಟರಲ್ಲಿ ಪೊಕುವಾ ಬೊಆಟೆಮಾಳ ಹೊಸ ಬಟ್ಟೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಳು, ಮೈಯಲ್ಲಿ ನೀರು ನಿಂತಿತು! ಆ ಒದ್ದೆ ಬಟ್ಟೆಯನ್ನು ಬೊಆಟೆಮಾಳೇ ಬಾವುಟದ ಹಾಗೆ ಎತ್ತಿ ತೋರಿಸಿದಳು ನೋಡು, ಇಡೀ ಸಂತೆ ಚಪ್ಪಾಳೆ! ಆಮೇಲೆ ಮಗು ಪಕ್ಕದವಳ ಸುಟ್ಟ ಬಾಳೆಕಾಯಿಗೆ ಕೈ ಚಾಚಿತು.

ನಾನಾ ತಾನೇ ಬಂದು ತಾಳೆಗರಿ ಬಿಚ್ಚಿದಳು. ಮರುದಿನ ಸಂತೆಯುದ್ದಕ್ಕೂ ಡಂಗುರ: "ಎರಡು ನೀರು, ಒಂದು ಪುಡಿ!" ಜಿಂಕ್ ಮಾತ್ರೆಗೂ ಅವಳದೇ ಕಾನೂನು, ಭೇದಿ ನಿಂತಿತೆಂದು ಮಾತ್ರೆ ನಡುವೆ ಬಿಟ್ಟವಳ ಮಳಿಗೆಯ ಮುಂದೆ ತಾನೇ ಹೋಗಿ ಕೂರುತ್ತಾಳೆ, ಕೊಳ್ಳುವವರು ಹತ್ತಿರ ಬರಲು ಹೆದರುತ್ತಾರೆ. ಈಗ ನೀರು ಮಾರುವ ಹುಡುಗಿಯರೂ ಪುಡಿ ಕಂಡರೆ ಕೇಳದೆ ಎರಡು ಪ್ಯಾಕೆಟ್ ಕೊಡುತ್ತಾರೆ. ಒಪೊಂಗನೂ ಮೈಕಿನಲ್ಲಿ ಅದನ್ನೇ ಕೂಗುತ್ತಾನೆ. ಪುಡಿಯನ್ನು ನನ್ನ ಹತ್ತಿರವೇ ಸಗಟಾಗಿ ಒಯ್ಯುತ್ತಾನೆ. "ಅಕ್ಕಾ" ಅನ್ನದೆ ನಾನು ಕೊಡುವುದಿಲ್ಲ.

ದೇವರು ನಿನ್ನ ಬೆನ್ನಿಗಿರಲಿ. ಕೋಕೋ ಚೆನ್ನಾಗಿ ಒಣಗಲಿ, ತೂಕದವನ ಕೈ ನಿನ್ನ ಕಡೆಗೆ ವಾಲಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಎದೆಯುರಿ ಬಂದರೆ ಕಳಿಸಿದ ಮಾತ್ರೆ ಜಗಿ, ನುಂಗಬೇಡ.

ನಿನ್ನ ಬಾಯಿಬಡುಕಿ,
ಅಕುವಾ

ತಾ.ಕ.: ಆ ಹೆಂಗಸು ಪ್ಯಾಕೆಟ್ಟಿಗೆ ಪುಡಿ ಸುರಿದಾಗ ನನಗೆ ಮೊದಲು ನೆನಪಾದದ್ದು ಅಂಗಡಿಯಲ್ಲ, ನಮ್ಮ ಮಗಳು ಅಫಿಯಾ. ಅವಳಿಗೆ ಭೇದಿಯಾದಾಗ ನಾನು ಕುಮಾಸಿಯ ಬಸ್ಸಿನಲ್ಲಿ ಊರವರ ಹೊಟ್ಟೆಗೆ ಔಷಧಿ ಮಾರುತ್ತಿದ್ದೆ, ಅವಳಿಗೆ ಪುಡಿ ಕಲಸಿ ಕುಡಿಸುತ್ತಿದ್ದವನು ನೀನು. ಅವಳನ್ನು ಮಣ್ಣಿಗಿಟ್ಟ ಮೇಲೆ ನಾವಿಬ್ಬರೂ ಆ ಮಾತೆತ್ತಿಲ್ಲ. ಈ ಕಾಗದ ಓದುತ್ತ ನೀನು ಯಾವ ಸಾಲಿಗೆ ಬಂದು ನಿಂತಿರುತ್ತೀ ಎಂದು ನನಗೆ ಗೊತ್ತು. ಹಾಗಾಗಿ ಇದನ್ನು ಬರೆಯುವ ಮೊದಲು ಆಸ್ಪತ್ರೆಯ ಹಳೆಯ ನರ್ಸ್ ಲಾರಿಬಾಳನ್ನು ಹೋಗಿ ಕೇಳಿದೆ. ಆ ಕಾಲದ ಪೊಟ್ಟಣ ಚಿಕ್ಕದಂತೆ, ಎರಡು ಸೋಡಾ ಬಾಟಲಿ ನೀರಿನದು. ಬಸ್ಸಿಳಿದು ಮನೆಗೆ ಬಂದಾಗ ಅವಳ ಚಾಪೆಯ ಪಕ್ಕ ಇದ್ದ ಖಾಲಿ ಸೋಡಾ ಬಾಟಲಿಗಳನ್ನು ತೊಳೆದಿಟ್ಟವಳು ನಾನು, ಕ್ವಾಕು. ಎರಡಿದ್ದವು. ನೀನು ಕಲಸಿದ್ದು ಸರಿಯಾಗಿತ್ತು.